ಜಗಲಿಯ ಕಥೆಯಿಂದ ಗ್ಯಾಂಬಿಯಾ ನದಿಯವರೆಗೆ: ಅಲೆಕ್ಸ್ ಹೇಲಿಯ ವಂಶಶೋಧ

ಅಜ್ಜಿ ಹೇಳಿದ ಕಥೆಯಲ್ಲಿ ಉಳಿದುಬಂದ ಮೂರು ಅಪರಿಚಿತ ಶಬ್ದಗಳನ್ನು ಹಿಡಿದು ಇನ್ನೂರು ವರ್ಷ ಹಿಂದಕ್ಕೆ ನಡೆಯಲು ಸಾಧ್ಯವೇ? ಅಮೆರಿಕದ ಲೇಖಕ ಅಲೆಕ್ಸ್ ಹೇಲಿ ಅಂಥದೊಂದು ಸಾಹಸಕ್ಕೆ ಕೈಹಾಕಿದರು. ಅದರ ಫಲವಾಗಿ 1976ರಲ್ಲಿ ಹೊರಬಂದ ‘ರೂಟ್ಸ್’ ಕೃತಿ ಅವರಿಗೆ ಜಗದ್ವಿಖ್ಯಾತಿ ತಂದಿತು; ಅದರ ಬೆನ್ನಿಗೇ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿಸಿತು. ತಮ್ಮ ಪೂರ್ವಿಕರ ಹೆಸರೇ ಇಲ್ಲದ ಜನಾಂಗವೊಂದಕ್ಕೆ ಆ ಹೆಸರುಗಳನ್ನು ಹುಡುಕುವ ಆಸೆ ಹುಟ್ಟಿಸಿದ ವ್ಯಕ್ತಿಯ ಸ್ವಂತ ವಂಶಾವಳಿಯೇ ದಾಖಲೆಗಳ ಪರೀಕ್ಷೆಯಲ್ಲಿ ನಿಲ್ಲದೆಹೋದದ್ದು ಅವರ ಬದುಕಿನ ದೊಡ್ಡ ವಿಪರ್ಯಾಸ.

ಹೆನ್ನಿಂಗ್‌ನ ಜಗಲಿ

ಹೇಲಿ ಜನಿಸಿದ್ದು 1921ರ ಆಗಸ್ಟ್ 11ರಂದು, ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿ. ತಂದೆ ಸೈಮನ್ ಹೇಲಿ ಆಗ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕೃಷಿಶಾಸ್ತ್ರ ವ್ಯಾಸಂಗ ಮಾಡುತ್ತಿದ್ದರು. ತಾಯಿ ಬರ್ತಾ ಶಿಕ್ಷಕಿ. ಅಲೆಕ್ಸ್ ಅವರ ಬಾಲ್ಯದ ಮೊದಲ ವರ್ಷಗಳು ಕಳೆದದ್ದು ಟೆನೆಸ್ಸಿ ರಾಜ್ಯದ ಹೆನ್ನಿಂಗ್ ಎಂಬ ಪುಟ್ಟ ಊರಿನಲ್ಲಿದ್ದ ತಾಯಿಯ ತವರುಮನೆಯಲ್ಲಿ. ಮರದ ವ್ಯಾಪಾರ ನಡೆಸುತ್ತಿದ್ದ ತಾತ ವಿಲ್ ಪಾಮರ್ 1926ರಲ್ಲಿ ತೀರಿಕೊಂಡರು. ಆ ಬಳಿಕ ಅಜ್ಜಿ ಸಿಂಥಿಯಾ ಪ್ರತಿ ಬೇಸಿಗೆಯಲ್ಲೂ ಅಕ್ಕತಂಗಿಯರನ್ನು ಮನೆಗೆ ಕರೆಸಿಕೊಳ್ಳತೊಡಗಿದರು. ರಾತ್ರಿಯೂಟ ಮುಗಿದ ಮೇಲೆ ಜಗಲಿಯ ತೂಗುಕುರ್ಚಿಗಳಲ್ಲಿ ಕುಳಿತು ಆ ವೃದ್ಧೆಯರು ತಮ್ಮ ಮನೆತನದ ಕಥೆಯನ್ನು ಹೇಳುವರು. ಬಾಲಕ ಅಲೆಕ್ಸ್ ಹಿಂದೆ ಕುಳಿತು ಕೇಳುವನು.

ಆ ಕಥೆಯ ತುದಿಯಲ್ಲಿದ್ದವನನ್ನು ಅವರೆಲ್ಲ ‘ಆಫ್ರಿಕನ್’ ಎಂದೇ ಕರೆಯುತ್ತಿದ್ದರು. ಮದ್ದಳೆ ಮಾಡಲು ಮರ ಕಡಿಯಲು ಹೋಗಿದ್ದಾಗ ಅವನು ಸೆರೆಸಿಕ್ಕಿದ. ಹಡಗು ‘ನ್ಯಾಪ್ಲಿಸ್’ ಎಂಬಲ್ಲಿ ಅವನನ್ನು ಇಳಿಸಿತು. ವರ್ಜೀನಿಯಾದ ವಾಲರ್ ಎಂಬ ಧಣಿ ಅವನನ್ನು ಕೊಂಡು ಟೋಬಿ ಎಂದು ಹೆಸರಿಟ್ಟ. ಅವನು ಆ ಹೆಸರನ್ನು ಒಪ್ಪದೆ ತಾನು ಕಿಂಟೆ ಎನ್ನುತ್ತಿದ್ದ. ನಾಲ್ಕು ಬಾರಿ ಓಡಿಹೋದ. ನಾಲ್ಕನೆಯ ಬಾರಿ ಸಿಕ್ಕಿಬಿದ್ದಾಗ ಅವನ ಪಾದವನ್ನೇ ಕತ್ತರಿಸಿದರು. ತನ್ನ ಮಗಳು ಕಿಜ್ಜಿಗೆ ಅವನು ಗಿಟಾರನ್ನು ತೋರಿಸಿ ‘ಕೋ’ ಎಂದೂ ನದಿಯನ್ನು ತೋರಿಸಿ ‘ಕ್ಯಾಂಬಿ ಬೊಲಾಂಗೊ’ ಎಂದೂ ಕಲಿಸಿದ. ಕಿಜ್ಜಿ ಅದನ್ನು ತನ್ನ ಮಗ ಜಾರ್ಜ್‌ಗೆ ಹೇಳಿದಳು. ಜಾರ್ಜ್‌ನ ಮಗ ಕಮ್ಮಾರ ಟಾಮ್ ಮರ್ರಿ. ಟಾಮ್‌ನ ಮಗಳು ಸಿಂಥಿಯಾ. ಈ ಲೆಕ್ಕದಲ್ಲಿ ಅಲೆಕ್ಸ್ ಏಳನೆಯ ತಲೆಮಾರು.

ಅಡುಗೆಮನೆಯಿಂದ ಬರವಣಿಗೆಗೆ

ಓದಿನಲ್ಲಿ ಮಗನಿಗೆ ಮನಸ್ಸಿಲ್ಲದ್ದನ್ನು ಕಂಡ ತಂದೆ ಅವನನ್ನು ಸೇನೆಗೆ ಸೇರುವಂತೆ ಒತ್ತಾಯಿಸಿದರು. 1939ರಲ್ಲಿ ಹೇಲಿ ಅಮೆರಿಕದ ಕರಾವಳಿ ರಕ್ಷಣಾ ಪಡೆಯನ್ನು ಸೇರಿದರು. ಕರಿಯರಿಗೆ ಆಗ ಅಲ್ಲಿ ದೊರೆಯುತ್ತಿದ್ದುದು ಸಾಮಾನ್ಯವಾಗಿ ಭೋಜನಶಾಲೆಯ ಕೆಲಸ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಸಿಫಿಕ್ ಸಾಗರದ ಹಡಗಿನಲ್ಲಿ ಬೇಸರ ಕಳೆಯಲು ಅವರು ಪತ್ರ ಬರೆಯತೊಡಗಿದರು. ಅಕ್ಷರ ಕೈಹಿಡಿಯದ ಸಹನಾವಿಕರು ಪ್ರೇಮಪತ್ರ ಬರೆಸಿಕೊಳ್ಳಲು ಅವರ ಬಳಿಗೆ ಬರುತ್ತಿದ್ದರು. ಅಲ್ಲಿಂದ ಕಥೆ, ಲೇಖನಗಳತ್ತ ಕೈ ಹೊರಳಿತು. ಕೊನೆಗೆ ಪಡೆಯೇ ಅವರನ್ನು ಪತ್ರಕರ್ತರ ಹುದ್ದೆಗೆ ನೇಮಿಸಿತು. 1959ರಲ್ಲಿ, ಇಪ್ಪತ್ತು ವರ್ಷಗಳ ಸೇವೆಯ ಬಳಿಕ ನಿವೃತ್ತರಾದ ಅವರು ಪೂರ್ಣಾವಧಿ ಬರಹಗಾರರಾದರು. ಕರಿಯರ ನಾಯಕ ಮಾಲ್ಕಂ ಎಕ್ಸ್ ಅವರೊಂದಿಗೆ ದೀರ್ಘ ಸಂಭಾಷಣೆ ನಡೆಸಿ ಸಿದ್ಧಪಡಿಸಿದ ಆತ್ಮಕಥೆ, ಮಾಲ್ಕಂ ಹತ್ಯೆಯಾದ 1965ರಲ್ಲೇ ಪ್ರಕಟವಾಯಿತು.

ಹೆಸರಿಲ್ಲದ ಲೆಕ್ಕಪುಸ್ತಕ

ಆ ದಿನಗಳಲ್ಲೇ ಹೇಲಿ ವಾಷಿಂಗ್ಟನ್‌ನ ರಾಷ್ಟ್ರೀಯ ಪತ್ರಾಗಾರಕ್ಕೆ ಹೋಗಿ ಉತ್ತರ ಕ್ಯಾರೊಲೈನಾದ ಅಲಮ್ಯಾನ್ಸ್ ಜಿಲ್ಲೆಯ 1870ರ ಜನಗಣತಿಯ ಮೈಕ್ರೋಫಿಲ್ಮ್ ಕೇಳಿದರು. ಸುರುಳಿಗಳನ್ನು ತಿರುಗಿಸುತ್ತ ಬೇಸತ್ತು ಎದ್ದು ಹೋಗುವ ಹೊತ್ತಿಗೆ ಕಮ್ಮಾರ ಟಾಮ್ ಮರ್ರಿಯ ಹೆಸರು ಕಣ್ಣಿಗೆ ಬಿತ್ತು. ಅದರ ಕೆಳಗೆ ಹೆಂಡತಿ ಐರೀನ್, ಮಕ್ಕಳ ಸಾಲು. ಅವರಲ್ಲಿ ಆರು ವರ್ಷದ ಎಲಿಜಬೆತ್. ಹೆನ್ನಿಂಗ್‌ನ ಜಗಲಿಯಲ್ಲಿ ಕಥೆ ಹೇಳುತ್ತಿದ್ದ ಅಜ್ಜಿಯ ಅಕ್ಕನೇ ಈ ಎಲಿಜಬೆತ್. ಬಾಯಿಮಾತಿನ ಕಥೆ ಸರ್ಕಾರಿ ಕಾಗದದ ಮೇಲೆ ಸಿಕ್ಕಿತ್ತು.

ಆದರೆ ಅಲ್ಲಿಂದ ಹಿಂದಕ್ಕೆ ದಾರಿಯಿರಲಿಲ್ಲ. ಅಮೆರಿಕದಲ್ಲಿ ಗುಲಾಮಗಿರಿ ರದ್ದಾದದ್ದು 1865ರ ಕೊನೆಯಲ್ಲಿ. ಬಿಡುಗಡೆಯಾದ ಕರಿಯರೆಲ್ಲರ ಹೆಸರನ್ನು ಬರೆದುಕೊಂಡ ಮೊದಲ ಜನಗಣತಿ 1870ರದು. ಅದಕ್ಕೂ ಹಿಂದೆ, 1850 ಮತ್ತು 1860ರಲ್ಲಿ ಗುಲಾಮರಿಗಾಗಿ ಪ್ರತ್ಯೇಕ ಪಟ್ಟಿಗಳಿದ್ದವು. ಅವುಗಳಲ್ಲಿ ಧಣಿಯ ಹೆಸರಿತ್ತು. ಅದರಡಿ ಗುಲಾಮರ ವಯಸ್ಸು, ಲಿಂಗ, ಬಣ್ಣ ಮಾತ್ರ ನಮೂದಾಗಿತ್ತು. ಅವರ ಹೆಸರಿಗೆ ಸಾಮಾನ್ಯವಾಗಿ ಜಾಗವಿರಲಿಲ್ಲ. 1860ರಲ್ಲಿ ಸುಮಾರು 40 ಲಕ್ಷ ಮಂದಿ ಹೀಗೆ ಬರಿಯ ಅಂಕಿಗಳಾಗಿ ದಾಖಲಾಗಿದ್ದರು. ಆಫ್ರಿಕನ್ ಅಮೆರಿಕನ್ನರ ವಂಶಶೋಧಕರು ಇಂದಿಗೂ ಇದನ್ನು 1870ರ ಗೋಡೆಯೆಂದೇ ಕರೆಯುತ್ತಾರೆ.

ಗೋಡೆಯಾಚೆ ಹೋಗಲು ಧಣಿಯ ಕಾಗದಪತ್ರಗಳನ್ನೇ ಹಿಡಿಯಬೇಕಾಗುತ್ತದೆ. ಉಯಿಲುಗಳಲ್ಲಿ, ಕ್ರಯಪತ್ರಗಳಲ್ಲಿ, ಸತ್ತವನ ಆಸ್ತಿಯ ಪಟ್ಟಿಯಲ್ಲಿ ದನ, ಕುದುರೆ, ನೇಗಿಲುಗಳ ಜತೆಗೆ ಗುಲಾಮರ ಹೆಸರುಗಳೂ ಬೆಲೆಯೊಂದಿಗೆ ಸಿಗುತ್ತವೆ. ತನ್ನ ಮುತ್ತಜ್ಜನನ್ನು ಹುಡುಕುವವನು ಮೊದಲು ಆ ಮುತ್ತಜ್ಜನನ್ನು ಕೊಂಡವನ ವಂಶವನ್ನು ಶೋಧಿಸಬೇಕು.

ಮೂರು ಶಬ್ದಗಳ ಜಾಡು

ಹೇಲಿಯ ಬಳಿ ಆ ಕಾಗದಗಳಲ್ಲದೆ ಮತ್ತೊಂದು ಆಧಾರವಿತ್ತು. ಅದು ಕಿಂಟೆ, ಕೋ, ಕ್ಯಾಂಬಿ ಬೊಲಾಂಗೊ ಎಂಬ ಮೂರು ಶಬ್ದಗಳು. ಅರ್ಥ ತಿಳಿಯದಿದ್ದರೂ ಆರು ತಲೆಮಾರು ಅವನ್ನು ಬಾಯಿಂದ ಬಾಯಿಗೆ ದಾಟಿಸಿತ್ತು. ಆಫ್ರಿಕದ ಮೌಖಿಕ ಪರಂಪರೆಯ ವಿದ್ವಾಂಸರಾಗಿದ್ದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಯಾನ್ ವಾನ್ಸೀನಾ ಅವುಗಳನ್ನು ಆಲಿಸಿ ಇದು ಮಂಡಿಂಕಾ ಭಾಷೆಯಿರಬಹುದೆಂದರು. ‘ಕೋ’ ಎಂಬುದು ಪಶ್ಚಿಮ ಆಫ್ರಿಕದ ತಂತಿವಾದ್ಯ ಕೋರಾ ಇರಬಹುದು. ಬೊಲಾಂಗೊ ಎಂದರೆ ನದಿ. ಹಾಗಾಗಿ ಕ್ಯಾಂಬಿ ಬೊಲಾಂಗೊ ಗ್ಯಾಂಬಿಯಾ ನದಿಯೇ ಆಗಿರಬೇಕು ಎಂಬುದು ಅವರ ಊಹೆಯಾಗಿತ್ತು.

ಹೇಲಿ ಗ್ಯಾಂಬಿಯಾಕ್ಕೆ ತೆರಳಿದರು. ಕಿಂಟೆ ಎಂಬುದು ಅಲ್ಲಿನ ಹಳೆಯ ಮನೆತನದ ಹೆಸರೆಂದೂ ಅಂಥ ಮನೆತನಗಳ ಚರಿತ್ರೆಯನ್ನು ಕಂಠಸ್ಥ ಮಾಡಿಕೊಂಡ ಗ್ರಿಯೋಗಳೆಂಬ ಕಥನಕಾರರು ಇದ್ದಾರೆಂದೂ ಅಲ್ಲಿನವರು ತಿಳಿಸಿದರು. ಉತ್ತರ ಕರ್ನಾಟಕದಲ್ಲಿ ಎತ್ತಿನ ಮೇಲೆ ಊರೂರಿಗೆ ಬಂದು ಒಕ್ಕಲು ಮನೆತನಗಳ ಪೀಳಿಗೆಗಳನ್ನು ಹೇಳುವ ಹೆಳವರನ್ನು ಬಲ್ಲವರಿಗೆ ಈ ಪರಂಪರೆ ಅಪರಿಚಿತವೆನಿಸದು. 1967ರಲ್ಲಿ ನದಿಯ ದಂಡೆಯ ಜುಫ್ಫುರೆ ಗ್ರಾಮದಲ್ಲಿ ಕೆಬ್ಬಾ ಫೊಫಾನಾ ಎಂಬ ವೃದ್ಧರು ಕಿಂಟೆ ವಂಶದ ಚರಿತ್ರೆಯನ್ನು ಗಂಟೆಗಟ್ಟಲೆ ಹೇಳಿದರು. ಅದರ ನಡುವೆ, ಒಮೊರೊ ಕಿಂಟೆಯ ಹಿರಿಯ ಮಗ ಕುಂಟಾ ಮರ ಕಡಿಯಲು ಹೋದವನು ಮರಳಿ ಬರಲಿಲ್ಲವೆಂಬ ಮಾತು ಬಂದಿತು. ಹೆನ್ನಿಂಗ್‌ನ ಜಗಲಿಯಲ್ಲಿ ಕೇಳಿದ್ದ ಕಥೆಯೇ ಸಾಗರದಾಚೆಯ ಹಳ್ಳಿಯಲ್ಲೂ ಇದೆಯೆಂದು ಹೇಲಿ ನಂಬಿದರು.

ಉಳಿದದ್ದು ಹಡಗು. ಲಂಡನ್ನಿನ ದಾಖಲೆಗಳನ್ನು ತಡಕಾಡಿದಾಗ ‘ಲಾರ್ಡ್ ಲಿಗೊನಿಯರ್’ ಎಂಬ ಹಡಗಿನ ಸುಳಿವು ದೊರೆಯಿತು. 1767ರ ಜುಲೈ 5ರಂದು ಗ್ಯಾಂಬಿಯಾದಿಂದ 140 ಗುಲಾಮರೊಂದಿಗೆ ಹೊರಟ ಅದು ಸೆಪ್ಟೆಂಬರ್ 29ರಂದು ಮೇರಿಲ್ಯಾಂಡಿನ ಅನಾಪೊಲಿಸ್ ತಲುಪಿದಾಗ ಬದುಕಿದ್ದವರು 98 ಮಂದಿ. ಅಜ್ಜಿಯರ ‘ನ್ಯಾಪ್ಲಿಸ್’ ಇದೇ ಎಂದು ಹೇಲಿ ನಿರ್ಧರಿಸಿದರು. ಜಾನ್ ವಾಲರ್ ತನ್ನ ಸಹೋದರ ವಿಲಿಯಂಗೆ ಟೋಬಿ ಎಂಬ ಗುಲಾಮನನ್ನು ವರ್ಗಾಯಿಸಿದ 1768ರ ಪತ್ರವೂ ವರ್ಜೀನಿಯಾದಲ್ಲಿ ದೊರೆಯಿತು. ವಂಶದ ಸರಪಳಿ ಪೂರ್ಣಗೊಂಡಂತೆ ಕಂಡಿತು.

ಕೀರ್ತಿ ಮತ್ತು ಕಂಟಕ

‘ರೂಟ್ಸ್’ ಲಕ್ಷಗಟ್ಟಲೆ ಪ್ರತಿಗಳಲ್ಲಿ ಮಾರಾಟವಾಯಿತು. 1977ರ ಜನವರಿಯಲ್ಲಿ ಎಂಟು ರಾತ್ರಿ ಸತತವಾಗಿ ಪ್ರಸಾರವಾದ ದೂರದರ್ಶನ ಧಾರಾವಾಹಿಯನ್ನು ಸುಮಾರು 13 ಕೋಟಿ ಜನ ಪೂರ್ತಿಯಾಗಿಯೋ ಭಾಗಶಃವೋ ವೀಕ್ಷಿಸಿದರೆಂದು ಅಂದಾಜು. ಅದೇ ವರ್ಷ ಹೇಲಿಗೆ ವಿಶೇಷ ಪುಲಿಟ್ಜರ್ ಪ್ರಶಸ್ತಿ ದೊರೆಯಿತು.

ಸಂಶಯಗಳೂ ಅದೇ ವರ್ಷ ತಲೆಯೆತ್ತಿದವು. ಫೊಫಾನಾ ಪರಂಪರಾಗತ ಗ್ರಿಯೋ ಅಲ್ಲ. ಹೇಲಿ ಯಾವ ಕಥೆ ಕೇಳಲು ಬರುತ್ತಿದ್ದಾರೆಂಬುದು ಅವರಿಗೆ ಮೊದಲೇ ತಿಳಿದಿತ್ತು ಎಂದು ಲಂಡನ್ನಿನ ‘ಸಂಡೇ ಟೈಮ್ಸ್’ ವರದಿ ಮಾಡಿತು. 1767ರಲ್ಲಿ ಜುಫ್ಫುರೆಯು ಕಾಡಿನೊಳಗಿನ ಮುಗ್ಧ ಹಳ್ಳಿಯಾಗಿರದೆ ಗುಲಾಮ ವ್ಯಾಪಾರದ ಕೋಟೆಗೆ ಹತ್ತಿರದ ವಹಿವಾಟಿನ ಊರಾಗಿತ್ತು ಎಂಬ ಆಕ್ಷೇಪವೂ ಬಂದಿತು. ತಮ್ಮ ಕಾದಂಬರಿಯ ಭಾಗಗಳು ‘ರೂಟ್ಸ್’ನಲ್ಲಿ ಸೇರಿವೆಯೆಂದು ಲೇಖಕ ಹೆರಾಲ್ಡ್ ಕೂರ್ಲ್ಯಾಂಡರ್ ದಾವೆ ಹೂಡಿದರು. 1978ರಲ್ಲಿ ಹೇಲಿ ಆ ಭಾಗಗಳು ಸೇರಿಹೋದದ್ದನ್ನು ಒಪ್ಪಿ 6.5 ಲಕ್ಷ ಡಾಲರ್ ತೆತ್ತು ರಾಜಿ ಮಾಡಿಕೊಂಡರು.

ಇನ್ನೂ ದೊಡ್ಡ ಪೆಟ್ಟು ವಂಶಶೋಧಕರಿಂದಲೇ ಬಂದಿತು. 1981ರಲ್ಲಿ ಗ್ಯಾರಿ ಮಿಲ್ಸ್ ಮತ್ತು ಎಲಿಜಬೆತ್ ಶೋನ್ ಮಿಲ್ಸ್ ದಂಪತಿ ವರ್ಜೀನಿಯಾದ ದಾಖಲೆಗಳನ್ನು ಹೊಸದಾಗಿ ಪರಿಶೀಲಿಸಿ ಪ್ರಬಂಧ ಪ್ರಕಟಿಸಿದರು. ವಾಲರ್ ಮನೆತನದ ಕಾಗದಗಳಲ್ಲಿ ಟೋಬಿಯ ಹೆಸರು ‘ಲಾರ್ಡ್ ಲಿಗೊನಿಯರ್’ ದಡ ಸೇರುವುದಕ್ಕೆ ವರ್ಷಗಳ ಮೊದಲೇ ಇತ್ತು. ಕಿಜ್ಜಿ ಹುಟ್ಟಿದಳೆನ್ನುವ ಕಾಲಕ್ಕೆ ಮೊದಲೇ ಆ ಹೆಸರು ಕಾಣೆಯಾಗಿತ್ತು. ಹಾಗಾದರೆ ಟೋಬಿ ಆ ಹಡಗಿನಲ್ಲಿ ಬಂದ ಕುಂಟಾ ಕಿಂಟೆಯಾಗಿರಲು ಸಾಧ್ಯವಿಲ್ಲ. ಹೇಲಿ ತಮ್ಮ ಕೃತಿಯನ್ನು ವಾಸ್ತವ ಮತ್ತು ಕಲ್ಪನೆಗಳ ಮಿಶ್ರಣವೆಂದೇ ಕರೆದಿದ್ದರು. ಆದರೂ ಕುಟುಂಬದ ಮೂಲಕಥೆ ನಿಜವೆಂಬ ನಿಲುವನ್ನು ಅವರು ಕೊನೆಯವರೆಗೂ ಬಿಡಲಿಲ್ಲ.

ವಂಶಶೋಧನೆಯಲ್ಲಿ ಹಿಂದೆ ಸಿಕ್ಕ ಒಂದು ಹೆಸರು ಕುಟುಂಬದ ಕಥೆಗೆ ಹೊಂದಿದ ಕೂಡಲೇ ಮನಸ್ಸು ಒಪ್ಪಿಬಿಡುತ್ತದೆ. ಆದರೆ ಅದೇ ಊರಿನಲ್ಲಿ ಅದೇ ಹೆಸರಿನ ಮತ್ತೊಬ್ಬನಿರಬಹುದು. ತನಗೆ ಬೇಕಾದ ದಾಖಲೆ ದೊರೆತಾಗ ನಿಲ್ಲದೆ, ಅದಕ್ಕೆ ಹಿಂದಿನ ಹಾಗೂ ಮುಂದಿನ ವರ್ಷಗಳ ದಾಖಲೆಗಳನ್ನೂ ನೋಡಬೇಕೆಂಬ ಪಾಠವನ್ನು ಹೇಲಿಯ ಪ್ರಸಂಗ ಕಲಿಸಿತು.

ಉಳಿದ ಬೇರು

ಹಾಗೆಂದು ಹೇಲಿಯ ಶ್ರಮ ವ್ಯರ್ಥವಾಯಿತೆನ್ನಲಾಗದು. 1870ರ ಜನಗಣತಿಯ ಆ ಪುಟ ಇಂದಿಗೂ ಸಾಕ್ಷಿಯಾಗಿದೆ. ಟಾಮ್ ಮರ್ರಿಯಿಂದ ಈಚಿನ ಪೀಳಿಗೆಗಳ ಬಗ್ಗೆ ತಕರಾರಿಲ್ಲ. ‘ರೂಟ್ಸ್’ ಬಂದ ಬಳಿಕ ಅಮೆರಿಕದ ಪತ್ರಾಗಾರಗಳಿಗೆ ಸಾಮಾನ್ಯ ಜನ ತಮ್ಮ ಹಿರಿಯರನ್ನು ಹುಡುಕಿಕೊಂಡು ಗುಂಪುಗುಂಪಾಗಿ ಬಂದರು. ಆಫ್ರಿಕನ್ ಅಮೆರಿಕನ್ನರ ವಂಶಶೋಧನೆಗೆಂದೇ 1977ರಲ್ಲಿ ವಾಷಿಂಗ್ಟನ್‌ನಲ್ಲಿ ಸಂಘವೊಂದು ಸ್ಥಾಪನೆಯಾಯಿತು. ಅಂತರ್ಯುದ್ಧದ ಬಳಿಕ ವಿಮುಕ್ತ ಗುಲಾಮರ ನೆರವಿಗಿದ್ದ ಸರ್ಕಾರಿ ಇಲಾಖೆಯ ದಾಖಲೆಗಳಿಂದ ಹೆಸರುಗಳನ್ನು ಹೆಕ್ಕಿ ಸೂಚಿ ತಯಾರಿಸುವ ಕೆಲಸವನ್ನು ಸಾವಿರಾರು ಸ್ವಯಂಸೇವಕರು 2016ರಲ್ಲಿ ಮುಗಿಸಿದರು. ಹೇಲಿಯ ಕಾಲಕ್ಕಿಲ್ಲದ ಡಿಎನ್‌ಎ ಪರೀಕ್ಷೆಯೂ ಈಗ ಜತೆಗೂಡಿದೆ. ಗ್ಯಾಂಬಿಯಾ ನದಿಯ ಜೇಮ್ಸ್ ದ್ವೀಪಕ್ಕೆ 2011ರಲ್ಲಿ ಕುಂಟಾ ಕಿಂಟೆಯ ಹೆಸರಿಡಲಾಯಿತು.

1992ರ ಫೆಬ್ರವರಿ 10ರಂದು ಸಿಯಾಟಲ್‌ನಲ್ಲಿ ಹೃದಯಾಘಾತದಿಂದ ಹೇಲಿ ನಿಧನರಾದರು. ಅವರಿಗೆ ಆಗ ಎಪ್ಪತ್ತು ವರ್ಷ. ಅವರ ದೇಹವನ್ನು ಹೆನ್ನಿಂಗ್‌ಗೆ ತಂದು, ಈಗ ವಸ್ತುಸಂಗ್ರಹಾಲಯವಾಗಿರುವ ತಾತನ ಮನೆಯ ಅಂಗಳದಲ್ಲಿ ಸಮಾಧಿ ಮಾಡಲಾಯಿತು. ಅಜ್ಜಿಯರು ಕುಳಿತು ‘ಆಫ್ರಿಕನ್’ನ ಕಥೆ ಹೇಳುತ್ತಿದ್ದ ಜಗಲಿ ಆ ಸಮಾಧಿಗೆ ಎದುರಾಗಿದೆ.