ಖಾನ್‌ಸಾಹೇಬರ ಕಂಠ, ಪೇಟಿಯ ಮನೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಜಾತ್ರೆಗಳಲ್ಲಿ ನಾಟಕ ಕಂಪನಿಗಳು ಡೇರೆ ಹೂಡುತ್ತಿದ್ದ ಕಾಲದಲ್ಲಿ, ಪರದೆ ಏಳುವ ಮೊದಲೇ ಜನರ ಕಿವಿಗೆ ಬೀಳುತ್ತಿದ್ದುದು ಕಾಲುಪೇಟಿಯ ನಾದ. ಕಾಲಿನಿಂದ ತಿದಿಯನ್ನೊತ್ತಿ ಎರಡೂ ಕೈಗಳಿಂದ ನುಡಿಸುವ ಆ ವಾದ್ಯವನ್ನು ಆರ್ಗನ್ ಎಂದು ಕರೆಯುವ ರೂಢಿಯೂ ಉಂಟು. ಯುರೋಪಿನ ಇಗರ್ಜಿಗಳಲ್ಲಿ ಗೋಡೆಯೆತ್ತರ ನಿಂತು ಸಾವಿರಾರು ಕೊಳವೆಗಳಿಂದ ಉಸಿರಾಡುವ ಮಹಾವಾದ್ಯಕ್ಕೆ ಇದು ಬಡ ದಾಯಾದಿ. ಇದಕ್ಕೆ ಕೊಳವೆಗಳಿಲ್ಲ, ಗಾಳಿಗೆ ಅದುರುವ ಹಿತ್ತಾಳೆಯ ನಾಲಗೆಗಳಷ್ಟೇ. ಪ್ಯಾರಿಸ್ಸಿನಲ್ಲಿ 1840ರ ದಶಕದಲ್ಲಿ ಹುಟ್ಟಿದ ಹಾರ್ಮೋನಿಯಂ ಶತಮಾನ ಮುಗಿಯುವುದರೊಳಗೆ ನಮ್ಮ ರಂಗಭೂಮಿಯನ್ನೂ ಭಜನಾಮಂದಿರವನ್ನೂ ಆಕ್ರಮಿಸಿಕೊಂಡಿತು. ಒಂದು ಸಂಗೀತಕ್ಕಾಗಿ ಹುಟ್ಟಿದ ವಾದ್ಯದಲ್ಲಿ ಮತ್ತೊಂದು ಸಂಗೀತವನ್ನು ಕೂಡಿಸುವುದು ಹೇಗೆ ಎಂಬ ಪ್ರಶ್ನೆಯೂ ಅದರೊಡನೆಯೇ ಬಂದಿತು. ಈ ಪ್ರಶ್ನೆಗೆ ತಮ್ಮ ಕಂಠವನ್ನೇ ಒರೆಗಲ್ಲಾಗಿ ಒಡ್ಡಿದವರು ಉಸ್ತಾದ್ ಅಬ್ದುಲ್ ಕರೀಂಖಾನರು.

ಅವರು ಜನಿಸಿದ್ದು 1872ರಲ್ಲಿ, ಉತ್ತರ ಹಿಂದುಸ್ತಾನದ ಕೈರಾನಾದಲ್ಲಿ. ಕಿರಾನಾ ಘರಾಣೆಗೆ ಹೆಸರು ಬಂದದ್ದು ಆ ಊರಿನಿಂದಲೇ. ಗಾಯಕರ, ಸಾರಂಗಿವಾದಕರ ಮನೆತನ. ಸಾರಂಗಿಯೂ ವೀಣೆಯೂ ಬಾಲಕನಿಗೆ ಕಂಠದಷ್ಟೇ ಸಹಜವಾದುವು. ತಾರುಣ್ಯದಲ್ಲಿ ಬಡೋದೆಯ ಆಸ್ಥಾನವನ್ನು ಸೇರಿದರು. ಅಲ್ಲಿ ಸರದಾರ ಮನೆತನದ ತಾರಾಬಾಯಿ ಮಾನೆಯವರಲ್ಲಿ ಅನುರಾಗವುಂಟಾಗಿ, ಇಬ್ಬರೂ ಬಡೋದೆಯನ್ನು ತೊರೆದು ಮುಂಬಯಿಗೆ ಬರಬೇಕಾಯಿತು. ಮುಂದೆ ಅವರು ನೆಲೆ ಕಂಡುಕೊಂಡದ್ದು ಕೃಷ್ಣಾತೀರದ ಮಿರಜಿನಲ್ಲಿ. ಕನ್ನಡವೂ ಮರಾಠಿಯೂ ಒಂದೇ ಅಂಗಳದಲ್ಲಿ ಆಡುವ ಆ ಊರಿನಿಂದ ಧಾರವಾಡ, ಹುಬ್ಬಳ್ಳಿ, ಕುಂದಗೋಳಗಳಿಗೆ ಅವರ ಓಡಾಟ ಬೆಳೆಯಿತು. ಕುಂದಗೋಳದ ರಾಮಭಾವು, ಮುಂದೆ ಸವಾಯಿ ಗಂಧರ್ವರೆಂದು ಖ್ಯಾತರಾದವರು, ಅವರಿಗೆ ಶಿಷ್ಯರಾದದ್ದು ಹೀಗೆ. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ಲರ ಗಾಯನದ ಬೇರು ಇಲ್ಲಿಯೇ ಇದೆ.

ಹಾರ್ಮೋನಿಯಮ್ಮಿನ ದೋಷವಾದರೂ ಏನು? ಸ್ವರಗುಚ್ಛಗಳನ್ನು ಎಲ್ಲ ಮನೆಗಳಿಂದಲೂ ನುಡಿಸಲು ಅನುಕೂಲವಾಗಲೆಂದು ಪಾಶ್ಚಾತ್ಯರು ಸಪ್ತಕವನ್ನು 12 ಸಮಭಾಗ ಮಾಡಿದರು. ಷಡ್ಜಕ್ಕೆ ಕ್ಷಣಕ್ಕೆ 240 ಕಂಪನಗಳೆಂದು ಇಟ್ಟುಕೊಂಡರೆ, ತಂಬೂರಿಯ ತಂತಿಯಿಂದ ತಾನೇತಾನಾಗಿ ಹೊಮ್ಮುವ ಗಾಂಧಾರಕ್ಕೆ 300 ಕಂಪನಗಳು. ಪೇಟಿಯ ಗಾಂಧಾರಕ್ಕಾದರೋ 302ಕ್ಕೂ ಮಿಗಿಲು. ಧೈವತ 400 ಇರಬೇಕಾದಲ್ಲಿ ಸುಮಾರು 403½ ಆಗುತ್ತದೆ. ಎರಡು ಮೂರು ಕಂಪನಗಳಿಗೆ ಇಷ್ಟು ರಂಪವೇ ಎನ್ನುವವರು ತಂಬೂರಿಯ ಮಗ್ಗುಲಲ್ಲಿ ಕುಳಿತು ಪೇಟಿಯ ಗಾಂಧಾರವನ್ನೊಮ್ಮೆ ಒತ್ತಿ ಹಿಡಿದು ನೋಡಬೇಕು. ಇನ್ನು ಮೀಂಡಿನ ಮಾತಂತೂ ಬೇಡ. ಮನೆಯಿಂದ ಮನೆಗೆ ಜಿಗಿಯುವುದಲ್ಲದೆ ಜಾರುವುದು ಆ ವಾದ್ಯಕ್ಕೆ ತಿಳಿಯದು.

ಮಿರಜಿನ ನೆರೆಯ ಸಾಂಗಲಿಯಲ್ಲಿ ಕೃಷ್ಣಾಜಿ ಬಲ್ಲಾಳ ದೇವಲ ಎಂಬ ನಿವೃತ್ತ ಡೆಪ್ಯುಟಿ ಕಲೆಕ್ಟರರಿದ್ದರು. ಪ್ರಾಚೀನರು ಹೇಳಿದ 22 ಶ್ರುತಿಗಳನ್ನು ಅಳೆದು ತೋರಿಸಬೇಕೆಂಬುದು ಅವರ ಹಂಬಲ. ಅಳೆಯಲು ತಂತಿಯುಂಟು, ಗಣಿತವುಂಟು; ಆದರೆ ಸ್ವರ ಇದೇ ಎಂದು ನಿಲ್ಲಿಸಿ ತೋರುವ ಕಂಠ ಬೇಕಲ್ಲ! ಅದನ್ನು ಒದಗಿಸಿದವರು ಖಾನ್‌ಸಾಹೇಬರು. ಅವರು ಹಾಡುತ್ತ ಸ್ವರವನ್ನು ನಿಲ್ಲಿಸುವುದು, ದೇವಲರು ತಂತಿಯ ಉದ್ದವನ್ನು ಅಳೆಯುವುದು. ಘರಾಣೆಯ ವಿದ್ಯೆಯನ್ನು ಮನೆಯ ಹೊಸ್ತಿಲು ದಾಟಗೊಡದ ಉಸ್ತಾದರೇ ಹೆಚ್ಚಾಗಿದ್ದ ಕಾಲದಲ್ಲಿ ಇದು ಸಣ್ಣ ಔದಾರ್ಯವಲ್ಲ. ದೇವಲರ ಗ್ರಂಥ 1910ರಲ್ಲಿ ಹೊರಬಂದಿತು. ನ್ಯಾಯಾಧೀಶರಾಗಿದ್ದ ಕ್ಲೆಮೆಂಟ್ಸ್ ಎಂಬ ಆಂಗ್ಲರು ಈ ಶೋಧನೆಯಲ್ಲಿ ಜೊತೆಗೂಡಿದರು. ಸಪ್ತಕಕ್ಕೆ 22 ಶ್ರುತಿಗಳನ್ನುಳ್ಳ ಹಾರ್ಮೋನಿಯಂ ಲಂಡನ್ನಿನಲ್ಲಿ ಸಿದ್ಧವಾಗಿ ಬಂದಿತು.

1916ರ ಮಾರ್ಚಿಯಲ್ಲಿ ಬಡೋದೆಯಲ್ಲಿ ಅಖಿಲ ಭಾರತ ಸಂಗೀತ ಪರಿಷತ್ತು ನೆರೆದಾಗ ಈ ಶ್ರುತಿಪೇಟಿಯ ಪರೀಕ್ಷೆ ನಡೆಯಿತು. ಭಾತಖಂಡೆಯವರಂಥ ವಿದ್ವಾಂಸರು ಅದರ ಲೆಕ್ಕವನ್ನು ಒಪ್ಪಲಿಲ್ಲ. ಪೇಟಿ ಸೋತಿತು. ನನಗನಿಸುವಂತೆ, ಸೋತದ್ದು ಖಾನ್‌ಸಾಹೇಬರ ಕಿವಿಯಲ್ಲ. ರಾಗದಿಂದ ರಾಗಕ್ಕೆ ತುಸು ಏರಿಳಿಯುವ ಸ್ವರವನ್ನು ಒಂದು ಹಿತ್ತಾಳೆಯ ನಾಲಗೆಗೆ ಶಾಶ್ವತವಾಗಿ ಕಟ್ಟಿಹಾಕಬಹುದೆಂಬ ನಂಬಿಕೆ.

ಈ ನಡುವೆ ಪುಣೆಯಲ್ಲಿ 1913ರಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ತೆರೆದಿದ್ದರು. ಶಿಷ್ಯರ ಊಟ ವಸತಿಗಳ ಭಾರವೂ ಅವರ ಮೇಲೆಯೇ. ಶಾಲೆ ಬಹುಕಾಲ ಉಳಿಯಲಿಲ್ಲ, ಮನೆಯೂ ಒಡೆಯಿತು. ತಾರಾಬಾಯಿಯವರು ಮಕ್ಕಳೊಡನೆ ಬೇರೆಯಾದರು. ಮಕ್ಕಳು ತಂದೆಯ ಹೆಸರನ್ನು ಬಿಟ್ಟು ಸುರೇಶಬಾಬು ಮಾನೆ, ಹೀರಾಬಾಯಿ ಬಡೋದೇಕರ್ ಎಂಬ ಹೆಸರುಗಳಿಂದ ಪ್ರಸಿದ್ಧರಾದರು. ಹೆಸರು ಬದಲಾದರೂ ಕಂಠದೊಳಗಿನ ಕಿರಾನಾ ಬದಲಾಗಲಿಲ್ಲ.

ಪೇಟಿಯಲ್ಲಿ ಕೈಗೂಡದ ಸೇತುವೆಯನ್ನು ಖಾನ್‌ಸಾಹೇಬರು ಕಂಠದಲ್ಲಿಯೇ ಕಟ್ಟಿದರು. ಮೈಸೂರಿನ ಆಸ್ಥಾನದಲ್ಲಿ ಹಾಡುತ್ತಿದ್ದಾಗ ಕರ್ನಾಟಕ ಸಂಗೀತ ಅವರನ್ನು ಸೆಳೆಯಿತು. ಧಾರವಾಡದಲ್ಲಿ ಗಂಗೂಬಾಯಿಯವರ ತಾಯಿ ಅಂಬಾಬಾಯಿಯವರ ಕರ್ನಾಟಕ ಗಾಯನವನ್ನು ಕೇಳಲೆಂದೇ ಅವರ ಮನೆಗೆ ಹೋಗುತ್ತಿದ್ದರು. ದೊಡ್ಡ ಉಸ್ತಾದರು ಹೀಗೆ ಕೇಳುಗರಾಗಿ ಕೂಡುವುದು ಅಪರೂಪ. ಹಿಂದುಸ್ತಾನಿ ಗಾಯಕರು ಸ್ವರಪ್ರಸ್ತಾರಕ್ಕೆ ಅಷ್ಟಾಗಿ ಮನಸೋಲದಿದ್ದ ದಿನಗಳಲ್ಲಿ ಅವರು ಅದನ್ನು ಖ್ಯಾಲಿನೊಳಗೆ ಕರೆತಂದರು. ತ್ಯಾಗರಾಜರ ಕೃತಿಗಳನ್ನು ಧ್ವನಿಮುದ್ರಿಕೆಗೂ ಹಾಡಿದರು. ತೆಲುಗಿನ ಉಚ್ಚಾರ ಅಲ್ಲಿ ಸವೆದಿದೆ, ಗಮಕದ ಜಾಗದಲ್ಲಿ ಮೀಂಡು ಬಂದಿದೆ. ದಕ್ಷಿಣದ ಕಟ್ಟುನಿಟ್ಟಿನ ರಸಿಕರು ಒಪ್ಪಲಿಕ್ಕಿಲ್ಲ. ಆದರೂ ಖರಹರಪ್ರಿಯದ ಆ ಮುದ್ರಿಕೆಯಲ್ಲಿ ಅನುಕರಣದ ಸೋಂಕಿಲ್ಲ.

ಅವರ ಕೊನೆಯ ವರ್ಷಗಳ ಓಡಿಯನ್ ಮುದ್ರಿಕೆಗಳನ್ನು, ವಿಶೇಷವಾಗಿ ಝಿಂಝೋಟಿಯ ಠುಮರಿಯನ್ನು, ಕೇಳಿದವರಿಗೆ ಒಂದು ವಿಚಿತ್ರ ಗೋಚರಿಸುತ್ತದೆ. ಹಿಂದಿನಿಂದ ಕೇಳಿಬರುವುದು ಅದೇ ಸಾಮಾನ್ಯ ಪೇಟಿ! ಅದು ತನ್ನ ಸ್ವರ ಹಿಡಿದು ನಿಂತಿರುತ್ತದೆ. ಅವರ ಕಂಠ ಮಾತ್ರ ಕೂದಲೆಳೆಯಷ್ಟು ಸರಿದು ತನ್ನ ಸ್ಥಾನದಲ್ಲಿ ನೆಲೆಗೊಳ್ಳುತ್ತದೆ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಮ್ಮನ್ನು ಬಹಿಷ್ಕರಿಸಿತು. ಆ ನಿಷೇಧ ಸಡಿಲವಾದದ್ದು 1970ರ ದಶಕದಲ್ಲಿ. ಅದನ್ನು ಕಾಣಲು ಖಾನ್‌ಸಾಹೇಬರಿರಲಿಲ್ಲ.

1937ರ ಅಕ್ಟೋಬರ್ 27ರಂದು ಮದರಾಸಿನಿಂದ ಪಾಂಡಿಚೇರಿಗೆ ಹೊರಟಿದ್ದಾಗ ದಾರಿಯಲ್ಲಿ ಎದೆನೋವು ಕಾಣಿಸಿತು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದು, ಅಲ್ಲಿಯೇ ಹಾಸಿಗೆ ಬಿಡಿಸಿ ಪ್ರಾರ್ಥನೆಗೆ ಕುಳಿತರು. ಆ ಕಟ್ಟೆಯ ಮೇಲೆಯೇ ಪ್ರಾಣ ಹೋಯಿತು. ದೇಹವನ್ನು ಮಿರಜಿಗೆ ತಂದು ಮೀರಾಸಾಹೇಬರ ದರ್ಗಾದ ಆವರಣದಲ್ಲಿ ಮಣ್ಣು ಮಾಡಿದರು. ಉರುಸಿನ ರಾತ್ರಿಗಳಲ್ಲಿ ಗಾಯಕರು ಅಲ್ಲಿ ಅವರ ನೆನಪಿಗೆ ಹಾಡುವ ಪದ್ಧತಿ ಬೆಳೆದಿದೆ. ಎಡಗಡೆ ಪೇಟಿಯಿಟ್ಟುಕೊಂಡೇ ಹಾಡುತ್ತಾರೆ.