ಮಂತ್ರಿಗಿರಿ ಬಿಟ್ಟು ಸಂಗಮಕ್ಕೆ ಹೋದ ಬಸವಣ್ಣ



ಹೋದ ವಾರ ರಾತ್ರಿ ಹತ್ತರ ಮೇಲೆ ಸಿಂದಗಿ ಕಡೆಯ ನಮ್ಮ ಅಣ್ಣನ ಮಗ ಫೋನ್ ಮಾಡಿದ. ಮೀಸಲು ಬಂದದ್ದರಿಂದ ಊರ ಪಂಚಾಯಿತಿಗೆ ಅಧ್ಯಕ್ಷನಾಗಿ ಒಂದೂವರೆ ವರ್ಷ ಆಗಿದೆ. ಕುರ್ಚಿ ಇವನದು, ನಿರ್ಧಾರ ಬೇರೆಯವರ ಮನೆಯ ಕಟ್ಟೆಯ ಮೇಲೆ. ಬರೆದು ತಯಾರಾದ ಠರಾವಿಗೆ ಸಹಿ ಹಾಕುವುದಷ್ಟೇ ಇವನ ಕೆಲಸ. ಬೇಸತ್ತು, ಕಾಕಾ, ನಾಳೆ ಇಂಡಿಗೆ ಹೋಗಿ ಎ.ಸಿ. ಸಾಹೇಬರಿಗೆ ರಾಜೀನಾಮೆ ಕೊಟ್ಟು ಬರುತ್ತೇನೆ ಅಂದ. ನಾನು ಬೇಡ ಅನ್ನುವ ಮೊದಲೇ, ಸಿದ್ಧಾರ್ಥ ಅರಮನೆ ಬಿಟ್ಟ, ಬಸವಣ್ಣ ಮಂತ್ರಿಗಿರಿ ಬಿಟ್ಟ, ನನ್ನದೇನು ದೊಡ್ಡದು ಅಂತ ನನ್ನ ಬಾಯಿ ಮುಚ್ಚಿಸಿದ. ನಾಲ್ಕು ದಿನ ತಡಿ ಎಂದಷ್ಟೇ ಹೇಳಿ ಫೋನ್ ಇಟ್ಟೆ. ಆ ನಾಲ್ಕು ದಿನ ನನ್ನ ತಲೆಯಲ್ಲಿ ಬಸವಣ್ಣನೇ ಇದ್ದ. ಇವತ್ತಿನ ಚಿಂತನೆಗೆ ಅದನ್ನೇ ಬರೆಯುತ್ತಿದ್ದೇನೆ.

ಬಸವಣ್ಣ ನಮ್ಮ ಬಾಗೇವಾಡಿಯವನು. ಇದು ಬರೀ ಪುರಾಣದ ಮಾತಲ್ಲ. ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ ಸಿಕ್ಕ 1260ರ ಶಾಸನದಲ್ಲಿ ಬಾಗೇವಾಡಿಯ ಮಾದಿರಾಜನ ಹೆಸರೂ ಅವನ ಮಗ ಬಸವರಾಜನ ಹೆಸರೂ ಇವೆ. ಆಗ ಬಾಗೇವಾಡಿ ಅಗ್ರಹಾರ. ಅಂಥ ಊರಿನಲ್ಲಿ, ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದವನಿಗೆ ಮಾನ, ಓದು, ಅನ್ನ ಮೂರೂ ತಾನಾಗಿ ಬರುತ್ತಿದ್ದವು. ಅಕ್ಕ ನಾಗಮ್ಮನಿಗೆ ಇಲ್ಲದ ಜನಿವಾರ ನನಗೂ ಬೇಡವೆಂದು ಮುಂಜಿಯ ದಿನವೇ ಎದ್ದು ಹೋದ ಎಂದು ನಾವೆಲ್ಲ ಕೇಳಿ ಬೆಳೆದಿದ್ದೇವೆ. ಹರಿಹರ ಕವಿಯ ರಗಳೆಯಲ್ಲಿ ಕಥೆ ಸ್ವಲ್ಪ ಬೇರೆ. ಅಲ್ಲಿ ಜನಿವಾರ ಹಾಕಿಕೊಂಡು ಬೆಳೆದವನು ಹರೆಯಕ್ಕೆ ಬಂದ ಮೇಲೆ ಅದನ್ನು ಕಿತ್ತು ಹಾಕಿ ಹೊರಡುತ್ತಾನೆ. ಹೇಗೇ ಇರಲಿ, ಅವನು ಮೊದಲು ಬಿಟ್ಟದ್ದು ಮಂತ್ರಿಗಿರಿಯನ್ನಲ್ಲ, ಹುಟ್ಟಿನಿಂದ ಬಂದ ಹೆಚ್ಚುಗಾರಿಕೆಯನ್ನು. ಅದು ಅಧಿಕಾರವಲ್ಲವೆಂದು ಯಾರಾದರೂ ಹೇಳುವುದಾದರೆ, ನಮ್ಮ ಅಜ್ಜಂದಿರು ಬಾವಿಯ ಹತ್ತಿರ ದೂರ ನಿಂತು ನೀರು ಹಾಕಿಸಿಕೊಂಡದ್ದನ್ನು ನೆನೆಸಿಕೊಳ್ಳಲಿ.

ಕೃಷ್ಣೆ ಮಲಪ್ರಭೆ ಕೂಡುವ ಸಂಗಮಕ್ಕೆ ಹೋಗಿ ಅಲ್ಲಿ ಕಲಿತ. ಅಲ್ಲಿಂದ ಮಂಗಳವೇಢೆಗೆ. ಇಂಡಿಯವರಿಗೆ ಮಂಗಳವೇಢೆ ಹೊಸದಲ್ಲ, ಭೀಮೆ ದಾಟಿದರೆ ಸೊಲ್ಲಾಪುರ ಜಿಲ್ಲೆ. ಬಿಜ್ಜಳ ಅಲ್ಲಿಂದ ಆಳುತ್ತಿದ್ದ ಕಾಲ. ಬಸವಣ್ಣ ಲೆಕ್ಕ ಬರೆಯುವ ಕರಣಿಕನಾಗಿ ಸೇರಿದ. ಬಿಜ್ಜಳ ತನ್ನ ಒಡೆಯರಾದ ಚಾಲುಕ್ಯರ ಗದ್ದುಗೆಯನ್ನೇ ಕಿತ್ತುಕೊಂಡು ಕಲ್ಯಾಣಕ್ಕೆ ಹೋದಾಗ ಬಸವಣ್ಣನೂ ಹೋಗಿ ಭಂಡಾರಿಯಾದ, ಮಂತ್ರಿಯಾದ. ಒಡೆಯನ ಕುರ್ಚಿ ಕಸಿದವನ ಕೈಕೆಳಗೆ ಕುರ್ಚಿ ಬಿಡಬಲ್ಲವನೊಬ್ಬ ಕೆಲಸ ಮಾಡಿದ! ನನಗೆ ಇದು ಯಾವಾಗಲೂ ಸೋಜಿಗ.

ಬಸವಣ್ಣ ಅಧಿಕಾರವನ್ನು ಹೊಲಸೆಂದು ದೂರ ಇಟ್ಟವನಲ್ಲ. ಬೇಕೆಂದೇ ಹಿಡಿದ. ರಾಜ್ಯದ ಬೊಕ್ಕಸದ ಕೀಲಿ ಅವನ ಕೈಯಲ್ಲಿ ಇತ್ತು. ಅವನ ಮನೆಯ ಬಾಗಿಲು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯನಂಥವರ ಕುಲದವರಿಗೆ ತೆರೆದಿತ್ತು. ರಾಜನ ಹಣ ಶರಣರ ಊಟಕ್ಕೆ ಹೋಗುತ್ತಿದೆ ಎಂದು ಕೊಂಡೆಯಗಾರರು ಬಿಜ್ಜಳನ ಕಿವಿ ಕಚ್ಚಿದರಂತೆ, ಲೆಕ್ಕ ನೋಡಿದರೆ ಒಂದು ಹೊನ್ನೂ ಕಡಿಮೆ ಬರಲಿಲ್ಲವಂತೆ. ಪುರಾಣಗಳು ಇದನ್ನು ಪವಾಡ ಮಾಡಿ ಹೇಳುತ್ತವೆ. ಲೆಕ್ಕ ಸರಿಯಿಟ್ಟದ್ದರಲ್ಲಿ ಪವಾಡವೇನು ಬಂತು?

ಆಮೇಲೆ ಆ ಮದುವೆ. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ತಂದುಕೊಂಡರು. ಕಲ್ಯಾಣ ಹೊತ್ತಿಕೊಂಡಿತು. ಇಬ್ಬರು ತಂದೆಯರ ಕಣ್ಣು ಕೀಳಿಸಿ ಆನೆಯ ಕಾಲಿಗೆ ಕಟ್ಟಿ ಎಳೆಸಿದರು ಎಂದು ನಮ್ಮ ಜನ ಹೇಳಿಕೊಂಡು ಬಂದಿದ್ದಾರೆ. ಬಸವಣ್ಣ ಮಂತ್ರಿಗಿರಿ ಬಿಟ್ಟು ಕಲ್ಯಾಣದಿಂದ ಸಂಗಮದ ದಾರಿ ಹಿಡಿದ.

ಹರೆಯದಲ್ಲಿ ನನಗೆ ಈ ಕಥೆಯ ಮೇಲೆ ಸಿಟ್ಟಿತ್ತು, ಮುಚ್ಚಿಡುವುದಿಲ್ಲ. ಸತ್ತವನು ಹರಳಯ್ಯ. ಹೊಳೆಯ ದಂಡೆಗೆ ಹೋದವನು ಮಂತ್ರಿ. ಬಿಡುವುದಕ್ಕಾದರೂ ಕೈಯಲ್ಲಿ ಏನಾದರೂ ಇರಬೇಕಲ್ಲ, ಹರಳಯ್ಯನ ಕೈಯಲ್ಲಿ ಚಪ್ಪಲಿ ಹೊಲಿಯುವ ಉಳಿ ಬಿಟ್ಟರೆ ಮತ್ತೇನಿತ್ತು? ಮಂತ್ರಿ ಹೋದ ಮೇಲೆ ಶರಣರಿಗೆ ಆಸರೆ ಉಳಿಯಲಿಲ್ಲ. ಅಕ್ಕ ನಾಗಮ್ಮ, ಚೆನ್ನಬಸವಣ್ಣ ಮತ್ತಿತರರು ವಚನದ ಕಟ್ಟುಗಳನ್ನು ಹೊತ್ತು ಕಾದರವಳ್ಳಿಯಲ್ಲಿ ಸೈನ್ಯದ ಜೊತೆ ಬಡಿದಾಡಿ ಉಳವಿಯ ಕಾಡು ಸೇರಬೇಕಾಯಿತು ಎನ್ನುತ್ತಾರೆ. ಈಗಲೂ ಆ ಸಿಟ್ಟು ಪೂರ್ತಿ ಹೋಗಿಲ್ಲ. ಆದರೆ ವಯಸ್ಸಾದ ಮೇಲೆ ಇನ್ನೊಂದು ಕಾಣುತ್ತಿದೆ. ಅವನು ಅಲ್ಲೇ ಕುಳಿತಿದ್ದರೆ ಮುಂದಿನ ಪ್ರತಿ ಶಿಕ್ಷೆಯೂ ಅವನ ಮಂತ್ರಿತನದ ನೆರಳಿನಲ್ಲೇ ನಡೆಯುತ್ತಿತ್ತು. ಬಸವಣ್ಣನೇ ಇದ್ದಾನಲ್ಲ, ಎಲ್ಲ ನ್ಯಾಯವಾಗಿಯೇ ನಡೆದಿರಬೇಕು ಎಂದು ಜನ ಅಂದುಕೊಳ್ಳುತ್ತಿದ್ದರು.

ನೀಲಮ್ಮನ ಮಾತು ಇಲ್ಲಿ ಬರಲೇಬೇಕು. ಸಂಗಮ ಸೇರಿದ ಬಸವಣ್ಣ ಹೆಂಡತಿಯನ್ನು ಕರೆತರಲು ಹಡಪದ ಅಪ್ಪಣ್ಣನನ್ನು ಕಳಿಸಿದ. ಸಂಗಮನಾಥ ಅಲ್ಲಿ ಮಾತ್ರ ಇದ್ದಾನೆಯೇ, ಇಲ್ಲಿಲ್ಲವೇ ಎಂಬುದು ಆಕೆಯ ಪ್ರಶ್ನೆಯಾಗಿತ್ತಂತೆ. ಹೊರಟು ಬಂದರೂ ಹೊಳೆಯ ಈಚೆ ದಂಡೆಯಲ್ಲಿ, ನಮ್ಮ ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲೇ ಉಳಿದಳು. ತಂಗಡಗಿಯ ದಂಡೆಯಲ್ಲಿ ನಿಂತಾಗ ನನಗೆ ದೇವರ ನೆನಪು ಬರುವುದಿಲ್ಲ, ನಾವು ದೇವರನ್ನು ಬಿಟ್ಟು ಬಂದವರು. ಗಂಡ ಬಿಟ್ಟನೆಂದು ತಾನೂ ಬಿಟ್ಟು ಓಡದೆ, ಮೊದಲು ಕೇಳಿ ನೋಡಿದ ಹೆಣ್ಣುಮಗಳ ನೆನಪು ಬರುತ್ತದೆ.

ಇನ್ನು ನಮ್ಮ ಹುಡುಗ ಹೇಳಿದ ಸಿದ್ಧಾರ್ಥನ ಮಾತು. ರೋಗಿ, ಮುದುಕ, ಹೆಣ ನೋಡಿ ರಾತ್ರೋರಾತ್ರಿ ಹೊರಟ ಎಂಬ ಕಥೆಯನ್ನು ಬಾಬಾಸಾಹೇಬರು ಒಪ್ಪಲಿಲ್ಲ. ಅವರು ಬರೆದ ಧಮ್ಮಗ್ರಂಥದಲ್ಲಿ ಜಗಳ ಬರುವುದು ರೋಹಿಣಿ ಹೊಳೆಯ ನೀರಿಗೆ. ಭೀಮೆಯ ನೀರಿಗೆ ಬಾಯಿ ಬಿಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶಾಕ್ಯರ ಸಂಘದಲ್ಲಿ ಸಿದ್ಧಾರ್ಥ ಎಂಟು ವರ್ಷದ ಸದಸ್ಯ. ಕೋಲಿಯರ ಮೇಲೆ ಯುದ್ಧ ಬೇಡ, ಎರಡೂ ಕಡೆಯಿಂದ ಇಬ್ಬಿಬ್ಬರು ಕೂಡಲಿ, ಅವರು ಐದನೆಯವನನ್ನು ಆರಿಸಲಿ, ಐವರೂ ಕೂತು ಬಗೆಹರಿಸಲಿ ಎಂದು ಎದ್ದು ನಿಂತು ಹೇಳಿದ. ಮತಕ್ಕೆ ಹಾಕಿದರು, ಸೋತ. ಸೈನ್ಯಕ್ಕೆ ಸೇರಲು ಒಪ್ಪದಿದ್ದರೆ ಮನೆತನಕ್ಕೆ ಬಹಿಷ್ಕಾರ, ಹೊಲ ಜಪ್ತಿ ಎಂದು ಬೆದರಿಸಿದರು. ಶಿಕ್ಷೆ ನನ್ನೊಬ್ಬನಿಗಿರಲಿ ಎಂದು ಪರಿವ್ರಾಜಕನಾಗಿ ಹೊರಟ. ಮುಂದೆ ಯುದ್ಧ ತಪ್ಪಿತೆಂಬ ಸುದ್ದಿ ಬಂದಾಗ ಮರಳಿ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ, ಯಾಕೆಂದರೆ ಜಗಳದ ಬೇರು ರೋಹಿಣಿಗಿಂತ ದೊಡ್ಡದೆಂದು ಅಷ್ಟರಲ್ಲಿ ಅವನಿಗೆ ಕಂಡಿತ್ತು.

ಬಾಬಾಸಾಹೇಬರು 1951ರ ಸೆಪ್ಟೆಂಬರ್‌ನಲ್ಲಿ ಕಾನೂನು ಮಂತ್ರಿಗಿರಿ ಬಿಟ್ಟದ್ದೂ ಹೀಗೇ. ಹೆಣ್ಣುಮಕ್ಕಳಿಗೆ ಆಸ್ತಿಯ ಹಕ್ಕು ಕೊಡುವ ಹಿಂದೂ ಕೋಡ್ ಬಿಲ್ಲಿಗಾಗಿ ವರ್ಷಗಟ್ಟಲೆ ವಾದ ಮಾಡಿ, ಅದನ್ನು ಮೂಲೆಗೆ ಹಾಕಿದ ಮೇಲೆ ಹೊರಬಂದರು. ಕಾರಣಗಳನ್ನು ಒಂದೊಂದಾಗಿ ಬರೆದಿದ್ದರು. ಸಂಸತ್ತಿನಲ್ಲಿ ಓದಲು ಬಿಡದಿದ್ದಾಗ ಎದ್ದು ಹೊರಗೆ ಬಂದು ಅದನ್ನೇ ಪತ್ರಿಕೆಯವರಿಗೆ ಕೊಟ್ಟರು. ಐದು ವರ್ಷಕ್ಕೆ ನಾಗಪುರ.

ನಾಲ್ಕನೇ ದಿನ ನಾನೇ ಫೋನ್ ಮಾಡಿದೆ. ಬಿಡುವುದು ಬಿಡದಿರುವುದು ನಿನಗೆ ಬಿಟ್ಟದ್ದು, ಒಂದೇ ಮಾತು ಹೇಳು, ಆ ಠರಾವುಗಳಿಗೆ ನನ್ನ ಒಪ್ಪಿಗೆ ಇಲ್ಲವೆಂದು ಸಭೆಯಲ್ಲಿ ಎಂದಾದರೂ ಎದ್ದು ಹೇಳಿದ್ದೀಯಾ, ನಡಾವಳಿ ಪುಸ್ತಕದಲ್ಲಿ ಬರೆಸಿದ್ದೀಯಾ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದ. ಇಲ್ಲ ಕಾಕಾ ಅಂದ. ಆಮೇಲೆ, ಮುಂದಿನ ಸಭೆ ಇಪ್ಪತ್ತೆರಡಕ್ಕೆ ಇದೆ, ನೀವು ಹಿಂದಿನ ದಿನ ಬಂದು ಏನೇನು ಬರೆಯಬೇಕು ನನ್ನ ಜೊತೆ ಕೂತು ನೋಡಿರಿ ಅಂದ. ಆ ದಿನ ಸಾಯಂಕಾಲದ ಬಸ್ಸಿಗೆ ಹೊರಟಿದ್ದೇನೆ, ಹಾಗಾಗಿ ಅವತ್ತಿನ ಚಿಂತನೆಯನ್ನು ಬೇರೆ ಯಾರಾದರೂ ಬರೆದು ಹಾಕಬೇಕು.