ಚಿತ್ರಕಲಾವಿದೆ ಪೌಲಾ

ಪೌಲಾ ಬೆಕರ್ 1876ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ಜನಿಸಿದಳು. ಆಕೆಗೆ ಹನ್ನೆರಡು ವರ್ಷವಾದಾಗ ಕುಟುಂಬವು ಬ್ರೆಮೆನ್ ನಗರಕ್ಕೆ ಬಂದು ನೆಲೆಸಿತು. ಮಗಳಿಗೆ ಸ್ವಂತ ಜೀವನೋಪಾಯವಿರಬೇಕೆಂಬುದು ತಂದೆಯ ಬಯಕೆಯಾಗಿತ್ತು. ಅದನ್ನು ಮನ್ನಿಸಿ ಪೌಲಾ ಉಪಾಧ್ಯಾಯಿನಿಯ ತರಬೇತಿಯನ್ನು ಮುಗಿಸಿದಳು. ಆದರೆ ಆಕೆಯ ಮನಸ್ಸೆಲ್ಲ ಚಿತ್ರಕಲೆಯಲ್ಲಿತ್ತು. ಅಂದಿನ ಜರ್ಮನಿಯ ಸರ್ಕಾರಿ ಕಲಾಶಾಲೆಗಳಲ್ಲಿ ಸ್ತ್ರೀಯರಿಗೆ ಸಾಮಾನ್ಯವಾಗಿ ಪ್ರವೇಶವಿರಲಿಲ್ಲ. ಆದುದರಿಂದ ಆಕೆ ಬರ್ಲಿನ್ನಿನಲ್ಲಿ ಕಲಾವಿದೆಯರ ಸಂಘವು ನಡೆಸುತ್ತಿದ್ದ ಶಾಲೆಯನ್ನು ಸೇರಿದಳು.

1898ರಲ್ಲಿ ಪೌಲಾ ಬ್ರೆಮೆನ್ನಿಗೆ ಸಮೀಪದ ವೊರ್ಪ್ಸ್‌ವೇಡೆ ಎಂಬ ಹಳ್ಳಿಗೆ ಹೋದಳು. ಅಲ್ಲಿ ನೆಲೆಸಿದ್ದ ಚಿತ್ರಕಾರರು ಆ ಜೌಗುನಾಡಿನ ಪ್ರಕೃತಿಸೌಂದರ್ಯವನ್ನು ಚಿತ್ರಿಸಿ ಹೆಸರು ಗಳಿಸಿದ್ದರು. ಪೌಲಾಳ ಕಣ್ಣು ಮಾತ್ರ ಅನಾಥಾಲಯದ ಮುದುಕಿಯರ ಮೇಲೆ, ಬಡರೈತರ ಮಕ್ಕಳ ಮೇಲೆ ನೆಟ್ಟಿತು. ಅವರ ಸುಕ್ಕುಗಟ್ಟಿದ ಮುಖಗಳನ್ನೂ ಒರಟು ಕೈಗಳನ್ನೂ ಆಕೆ ಅಲಂಕರಿಸದೆ ಬರೆದಳು. 1899ರಲ್ಲಿ ಬ್ರೆಮೆನ್ನಿನ ಕಲಾಭವನದಲ್ಲಿ ಈ ಕೃತಿಗಳು ಪ್ರದರ್ಶಿತವಾದಾಗ, ಅರ್ಥರ್ ಫಿಟ್ಗರ್ ಎಂಬ ಪ್ರಭಾವಶಾಲಿ ವಿಮರ್ಶಕನು ಅವುಗಳನ್ನು ಕಟುವಾಗಿ ಹೀಯಾಳಿಸಿದನು. ಚಿತ್ರಗಳನ್ನು ಹಿಂದಕ್ಕೆ ಪಡೆಯಬೇಕಾಯಿತು.

ಪೌಲಾ ಎದೆಗುಂದಲಿಲ್ಲ. ಮರುವರ್ಷವೇ ಪ್ಯಾರಿಸ್ಸಿಗೆ ತೆರಳಿದಳು. 1901ರಲ್ಲಿ ಚಿತ್ರಕಾರ ಓಟೋ ಮೋಡರ್‌ಸೋನನನ್ನು ವಿವಾಹವಾದ ಮೇಲೂ ಮೂರು ಬಾರಿ ಅಲ್ಲಿಗೆ ಹೋಗಿ ಬಂದಳು. ಸೆಜಾನ್ ಮತ್ತು ಗೋಗ್ಯಾನರ ಚಿತ್ರಗಳೂ ಪ್ರಾಚೀನ ಈಜಿಪ್ಟಿನ ಸಮಾಧಿಗಳಲ್ಲಿ ದೊರೆತ ಮುಖಚಿತ್ರಗಳೂ ಆಕೆಗೆ ದಾರಿ ತೋರಿದವು. ವಿವರಗಳನ್ನು ಕಳೆದು, ಸರಳವಾದ ಆಕೃತಿ ಮತ್ತು ಗಾಢವಾದ ಬಣ್ಣಗಳಿಂದ ವ್ಯಕ್ತಿಯ ಅಂತರಂಗವನ್ನು ಹಿಡಿಯಲು ಆಕೆ ಯತ್ನಿಸಿದಳು. ಕಣ್ಣಿಗೆ ಕಾಣುವ ರೂಪಕ್ಕಿಂತ ಒಳಗಿನ ಭಾವಕ್ಕೆ ಪ್ರಾಧಾನ್ಯ ಕೊಡುವ ಈ ಮಾರ್ಗವೇ ಮುಂದೆ ಅಭಿವ್ಯಕ್ತಿವಾದವೆಂದು ಪ್ರಸಿದ್ಧವಾಯಿತು. ಆಕೆಯ ಪ್ರತಿಭೆಯನ್ನು ಮೊದಲೇ ಗುರುತಿಸಿದ್ದ ಪತಿಗೂ ಈ ಹೊಸ ರೀತಿ ಕೆಲವೊಮ್ಮೆ ರುಚಿಸಲಿಲ್ಲ.

1907ರ ನವೆಂಬರಿನಲ್ಲಿ ಪೌಲಾ ಹೆಣ್ಣುಮಗುವಿಗೆ ಜನ್ಮವಿತ್ತಳು. ಮೂರು ವಾರ ತುಂಬುವ ಮೊದಲೇ, ತನ್ನ ಮೂವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡಳು. ಜೀವಿತಕಾಲದಲ್ಲಿ ಮಾರಾಟವಾದ ಚಿತ್ರಗಳು ಬೆರಳೆಣಿಕೆಯಷ್ಟು. ಆಕೆ ಬಿಟ್ಟುಹೋದ ವರ್ಣಚಿತ್ರಗಳು ಸುಮಾರು 700. ಅವುಗಳನ್ನು ಕಂಡು ಆಪ್ತರೇ ಬೆರಗಾದರು.

1927ರಲ್ಲಿ ಬ್ರೆಮೆನ್ನಿನ ಕಾಫಿ ವರ್ತಕ ಲುಡ್ವಿಗ್ ರೋಸೆಲಿಯಸ್ ಆಕೆಯ ಹೆಸರಿನಲ್ಲಿ ವಸ್ತುಸಂಗ್ರಹಾಲಯವೊಂದನ್ನು ತೆರೆದನು. ಚಿತ್ರಕಲಾವಿದೆಯೊಬ್ಬಳಿಗೆ ಮೀಸಲಾದ ಜಗತ್ತಿನ ಮೊದಲ ಸಂಗ್ರಹಾಲಯವದು. 1937ರಲ್ಲಿ ನಾಜಿಗಳು ಆಕೆಯ ಕೃತಿಗಳನ್ನು ಹೀನಕಲೆಯೆಂದು ಸಾರಿ ಜರ್ಮನಿಯ ಹಲವು ಸಂಗ್ರಹಾಲಯಗಳಿಂದ ಹೊರಹಾಕಿದರು. ಆ ಆಳ್ವಿಕೆ ಅಳಿಯಿತು, ಚಿತ್ರಗಳು ಉಳಿದವು. ಒಮ್ಮೆ ಆಕೆಯನ್ನು ಹೀಯಾಳಿಸಿದ ನಗರಕ್ಕೆ ಇಂದು ಜನ ದೂರದೇಶಗಳಿಂದ ಬಂದು, ಆ ಮುದುಕಿಯರ ಮತ್ತು ಮಕ್ಕಳ ಮುಖಗಳ ಮುಂದೆ ಮೌನವಾಗಿ ನಿಲ್ಲುತ್ತಾರೆ.